ನಮ್ಮ 40 ನೋಡ್ ಹಡೂಪ್ ಕ್ಲಸ್ಟರ್‌ಗೆ ಮುಂದೇನು ಗತಿ? ದುಡ್ಡು ಕೊಡೋದಾ, ಕ್ಲೌಡಾ, ನಾವೇ ಕಟ್ಟಿಕೊಳ್ಳೋದಾ?

ನಾಗವಾರ_ನೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಪುಣ್ಯ ಕಟ್ಕೊಳ್ಳಿ.

ನಮ್ದು ಸಾಲ ಕೊಡೋ ಕಂಪನಿ, ಹೆಸರು ಬೇಡ. 2017ರಲ್ಲಿ ಹಡೂಪ್ ಕ್ಲಸ್ಟರ್ ಹಾಕಿದ್ರು, ಅಂದ್ರೆ ದೊಡ್ಡ ಡೇಟಾವನ್ನ ಹಲವು ಸರ್ವರ್‌ಗಳಲ್ಲಿ (ನೋಡ್) ಹಂಚಿಟ್ಟು ಅಲ್ಲೇ ಲೆಕ್ಕ ಮಾಡೋ ವ್ಯವಸ್ಥೆ. 40 ಡೇಟಾ ನೋಡ್, ಒಂದೊಂದರಲ್ಲಿ 4 ಟಿಬಿಯ 12 ಡಿಸ್ಕ್. ಹಡೂಪ್ 2.7, ಡೇಟಾವನ್ನ ಟೇಬಲ್ ಥರ ಕೇಳೋಕೆ ಹೈವ್, ಲೆಕ್ಕಕ್ಕೆ ಸ್ವಲ್ಪ ಸ್ಪಾರ್ಕ್, ರಾತ್ರಿ ಓಡೋ ಸುಮಾರು 600 ಜಾಬ್. "ಓಪನ್ ಸೋರ್ಸ್, ಲೈಸೆನ್ಸ್ ದುಡ್ಡಿಲ್ಲ" ಅಂತ ಬೋರ್ಡನ್ನ ಒಪ್ಪಿಸಿದ್ದು ನಮ್ಮ ಹಳೇ ಬಾಸ್. ಅವರು ಈಗ ಕೆಲಸ ಬಿಟ್ಟು ಸಕಲೇಶಪುರದಲ್ಲಿ ಹೋಂಸ್ಟೇ ನಡೆಸ್ಕೊಂಡು ಆರಾಮಾಗಿದ್ದಾರೆ. ಕ್ಲಸ್ಟರ್ ನನ್ನ ತಲೆ ಮೇಲೆ ಕೂತಿದೆ.

ಹೋದ ತಿಂಗಳು ಒಂದು ನೋಡ್‌ನ ಮದರ್‌ಬೋರ್ಡ್ ಹೋಯ್ತು. ಹೊಸ ಸರ್ವರ್ ತರಿಸಿ ಇನ್‌ಸ್ಟಾಲ್ ಮಾಡೋಕೆ ಹೋದ್ರೆ ಪ್ಯಾಕೇಜ್ ಡೌನ್‌ಲೋಡ್ ಜಾಗ ಯೂಸರ್ ನೇಮ್, ಪಾಸ್‌ವರ್ಡ್ ಕೇಳ್ತಿದೆ. ನಮ್ಮ ಹತ್ರ ಎರಡೂ ಇಲ್ಲ. ಕೊನೆಗೆ ಬೇರೆ ಟೀಮಿನವರೊಬ್ಬರ ಡ್ರಾಯರ್‌ನಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ತು. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ "ಮುಟ್ಟಬೇಡಿ" ಅಂತ ಸ್ಕೆಚ್ ಪೆನ್ನಲ್ಲಿ ಬರೆದಿತ್ತು. ಒಳಗೆ 2018ರ ಆರ್‌ಪಿಎಂ (ಇನ್‌ಸ್ಟಾಲ್ ಪ್ಯಾಕೇಜ್) ಫೈಲ್‌ಗಳು! ದೇವ್ರ ದಯೆ. ಅದ್ರಿಂದಲೇ ಹಾಕ್ದೆ.

ಈಗ ಆಡಿಟ್‌ನವರು ಸಪೋರ್ಟ್ ಇಲ್ಲದ ಸಾಫ್ಟ್‌ವೇರ್ ಅಂತ ಕೆಂಪು ಗುರುತು ಹಾಕಿದ್ದಾರೆ. ಮ್ಯಾನೇಜ್‌ಮೆಂಟ್ ಮೂರು ದಾರಿ ಕೊಟ್ಟಿದೆ: ದುಡ್ಡು ಕೊಟ್ಟು ಸಬ್‌ಸ್ಕ್ರಿಪ್ಷನ್ ತಗೋ, ಕ್ಲೌಡಿಗೆ ಹೋಗು, ಇಲ್ಲಾ ಹಡೂಪ್ ಕೋಡ್ ನೋಡ್ಕೊಳ್ಳೋ ಅಪಾಚೆ ಫೌಂಡೇಶನ್‌ನಿಂದ ನೇರ ಇಳಿಸಿ ನೀನೇ ಕಟ್ಟು. ಮಾರ್ಚ್ ಒಳಗೆ ಹೇಳಬೇಕು.

ನನ್ನ ಪ್ರಶ್ನೆ ಎರಡು. ಓಪನ್ ಸೋರ್ಸ್ ಅಂತ ತಗೊಂಡಿದ್ದು ಪಾಸ್‌ವರ್ಡ್ ಹಿಂದೆ ಹೋಗಿದ್ದು ಹೇಗೆ? ಮತ್ತೆ, ನೀವಾಗಿದ್ರೆ ಏನು ಮಾಡ್ತಿದ್ರಿ?

---

ಗೌಡ್ರ_ಗಿಟ್

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ. ನಿಮ್ಮದು ಸತ್ತ ಆನೆ, ಸಾವಿರ ಮಾತ್ರ ಕೈಬಿಟ್ಟು ಹೋಗ್ತಿದೆ.

---

ಫ್ರೆಶರ್_2024

ಹಡೂಪ್ ಇನ್ನೂ ಇದೆಯಾ? ನಮಗೆ ಕಾಲೇಜಲ್ಲಿ ಒಂದು ಯೂನಿಟ್ ಇತ್ತು, ಹಿಸ್ಟರಿ ಅಂದ್ಕೊಂಡಿದ್ದೆ 😅

---

ಅಡ್ಮಿನ್_ಅಜ್ಜ

ಹಿಸ್ಟರಿ ಹೌದು ಮಗ, ಆದ್ರೆ ಆ ಹಿಸ್ಟರಿಯಿಂದಲೇ ಇನ್ನೂ ಸಂಬಳ ಬರ್ತಿದೆ.

ನಾಗವಾರದವರ ಮೊದಲ ಪ್ರಶ್ನೆಗೆ ಉತ್ತರ ಹೇಳ್ತೀನಿ, ಎರಡನೇದು ಆಮೇಲೆ.

ಗೂಗಲ್‌ನವರು 2003ರಲ್ಲಿ ತಮ್ಮ ಫೈಲ್ ಸಿಸ್ಟಂ ಬಗ್ಗೆ, 2004ರಲ್ಲಿ ಮ್ಯಾಪ್‌ರೆಡ್ಯೂಸ್ (ಲೆಕ್ಕವನ್ನ ಹಲವು ಮೆಷಿನ್‌ಗೆ ಹಂಚಿ ಮಾಡೋ ವಿಧಾನ) ಬಗ್ಗೆ ಪೇಪರ್ ಬರೆದ್ರು. ಬರೀ ಪೇಪರ್, ಕೋಡ್ ಕೊಡಲಿಲ್ಲ. ನಚ್ ಅನ್ನೋ ಸರ್ಚ್ ಎಂಜಿನ್ ಮಾಡ್ತಿದ್ದ ಡಗ್ ಕಟಿಂಗ್, ಮೈಕ್ ಕೆಫರೆಲ್ಲಾ ಆ ಪೇಪರ್ ಓದಿ ತಾವೇ ಬರೆದ್ರು. 2006ರಲ್ಲಿ ಕಟಿಂಗ್ ಯಾಹೂ ಸೇರಿದ್ರು, ಆ ಭಾಗ ನಚ್‌ನಿಂದ ಬೇರೆಯಾಗಿ ಹಡೂಪ್ ಆಯ್ತು. ಹೆಸರು ಅವರ ಮಗನ ಆಟದ ಆನೆಯದು. 2008ರಲ್ಲಿ ಯಾಹೂ 910 ಮೆಷಿನ್ ಇಟ್ಟು ಒಂದು ಟೆರಾಬೈಟನ್ನ 209 ಸೆಕೆಂಡಲ್ಲಿ ಸಾರ್ಟ್ ಮಾಡಿ ತೋರಿಸಿತು. ಆ ಮೇಲೆ ಎಲ್ಲರಿಗೂ ಹುಚ್ಚು ಹಿಡೀತು.

ಕಂಪನಿಗಳಿಗೆ ಬೇಕಾಗಿದ್ದು ಹಡೂಪ್ ಒಂದೇ ಅಲ್ಲ. ಅದರ ಜೊತೆ ಓಡೋ ಹೈವ್, ಪಿಗ್, ಎಚ್‌ಬೇಸ್, ಝೂಕೀಪರ್, ಊಝಿ, ಸ್ಕೂಪ್ (ಬೇರೆ ಡೇಟಾಬೇಸಿನಿಂದ ಡೇಟಾ ತರೋದು) ಎಲ್ಲ ಬೇಕು. ಒಂದೊಂದಕ್ಕೂ ಒಂದೊಂದು ವರ್ಷನ್, ಇದಕ್ಕೂ ಅದಕ್ಕೂ ಆಗಿಬರಲ್ಲ. ಯಾವ ವರ್ಷನ್ ಜೊತೆ ಯಾವುದು ಕೂಡುತ್ತೆ ಅಂತ ಪರೀಕ್ಷೆ ಮಾಡಿ ಒಂದೇ ಗಂಟಲ್ಲಿ ಕಟ್ಟಿ ಕೊಡೋದನ್ನೇ ವ್ಯಾಪಾರ ಮಾಡ್ಕೊಂಡ್ರು: 2008ರಲ್ಲಿ ಕ್ಲೌಡೆರಾ, 2009ರಲ್ಲಿ ಮ್ಯಾಪ್‌ಆರ್, 2011ರಲ್ಲಿ ಯಾಹೂ ಬಿಟ್ಟು ಬಂದವರ ಹಾರ್ಟನ್‌ವರ್ಕ್ಸ್. ಕೋಡ್ ಅಪಾಚೆಯದು. ಗಂಟು ಕಟ್ಟಿದ ಕೈ ಕಂಪನಿಯದು. ನಿಮ್ಮ ಬಾಸ್ ಬೋರ್ಡಿಗೆ ಹೇಳಿದ್ದು ಕೋಡಿನ ವಿಷಯ, ನೀವು ಒಂಬತ್ತು ವರ್ಷ ಬಳಸಿದ್ದು ಗಂಟನ್ನ. ಪಾಸ್‌ವರ್ಡ್ ಬಿದ್ದಿದ್ದು ಆ ಗಂಟಿಗೆ. ಅಪಾಚೆ ಹಡೂಪ್ ಇವತ್ತೂ ಪುಕ್ಕಟೆ ಸಿಗುತ್ತೆ.

---

ಬಸವನಗುಡಿ_ಬೈಟ್

ಇದಕ್ಕೆ ಸೇರಿಸ್ತೀನಿ. ಆ ಮೂರು ಅಂಗಡಿಯ ಕಥೆ ಮುಗಿದಿದ್ದು ಹೀಗೆ: 2018ರ ಅಕ್ಟೋಬರಲ್ಲಿ ಕ್ಲೌಡೆರಾ, ಹಾರ್ಟನ್‌ವರ್ಕ್ಸ್ ಒಂದಾಗ್ತೀವಿ ಅಂತ ಘೋಷಿಸಿದ್ವು, 2019ರ ಜನವರಿಯಲ್ಲಿ ಆಗಿಹೋಯ್ತು. ಅದೇ ವರ್ಷ ಆಗಸ್ಟಲ್ಲಿ ಮ್ಯಾಪ್‌ಆರ್‌ನ ಆಸ್ತಿಯನ್ನ ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕೊಂಡಿತು. 2021ರ ಜನವರಿ ಕೊನೆಯಿಂದ ಕ್ಲೌಡೆರಾ ತನ್ನ ಎಲ್ಲ ಪ್ಯಾಕೇಜ್‌ಗಳಿಗೂ ಸಬ್‌ಸ್ಕ್ರಿಪ್ಷನ್ ಕಡ್ಡಾಯ ಮಾಡಿತು, ಹಳೇ ವರ್ಷನ್‌ಗಳಿಗೂ ಸೇರಿಸಿ. ಅದೇ ವರ್ಷ 530 ಕೋಟಿ ಡಾಲರಿಗೆ ಕೆಕೆಆರ್ ಮತ್ತು ಸಿಡಿ ಆಂಡ್ ಆರ್ ಅನ್ನೋ ಹೂಡಿಕೆ ಕಂಪನಿಗಳು ಕ್ಲೌಡೆರಾವನ್ನ ಕೊಂಡು ಷೇರು ಮಾರುಕಟ್ಟೆಯಿಂದ ಹೊರಗೆ ತಗೊಂಡು ಹೋದ್ವು. 2014ರಲ್ಲಿ ಇಂಟೆಲ್ ಇದರಲ್ಲಿ 74 ಕೋಟಿ ಡಾಲರ್ ಹಾಕಿದ್ದಾಗ ಇದ್ದ ಸಂಭ್ರಮ ನೋಡಬೇಕಿತ್ತು ನೀವು.

---

ಹುಬ್ಬಳ್ಳಿ_ಹೈವ್

ಅಜ್ಜಾರ ಬರೋಬ್ಬರಿ ಹೇಳ್ಯಾರ್ರಿ. ಆದ್ರ ಒಂದು ಮಾತು. ಆ ಕಂಪನಿಯವ್ರು ತಪ್ಪು ಮಾಡ್ಯಾರ ಅಂತ ನಾ ಅನ್ನಂಗಿಲ್ಲ. ನಾವು ಹತ್ತು ವರ್ಷ ಪುಕ್ಕಟೆ ಊಟಾ ಮಾಡಿದ್ವಿ. ಅಡಗಿ ಮಾಡೋರಿಗೂ ಹೊಟ್ಟಿ ಐತಿ. ನಾಗವಾರದವ್ರ, ಇಷ್ಟು ವರ್ಷದಾಗ ನಿಮ್ಮ ಕಂಪನಿ ಒಂದರ ಪ್ಯಾಚ್ ಅಪಾಚೆಗೆ ಕಳಿಸೈತೇನ್ರಿ?

---

ನಾಗವಾರ_ನೋಡ್

@ಹುಬ್ಬಳ್ಳಿ_ಹೈವ್ ಒಂದು ಬಗ್ ರಿಪೋರ್ಟ್ ಹಾಕಿದ್ದೆ. ಡೂಪ್ಲಿಕೇಟ್ ಅಂತ ಮುಚ್ಚಿದ್ರು 🙈

---

ಕ್ಲೌಡ್_ಕಾಳಪ್ಪ

ಇಷ್ಟೆಲ್ಲ ಪುರಾಣ ಯಾಕೆ? ಕ್ಲೌಡಿಗೆ ಹೋಗಿ, ನಿದ್ದೆ ಮಾಡಿ. 40 ಸರ್ವರ್‌ಗೆ ಕರೆಂಟು, ಎಸಿ, ಡಿಸ್ಕ್ ಬದಲಾಯಿಸೋಕೆ ಒಬ್ಬ ಮನುಷ್ಯ. ಹಡೂಪ್ ಹುಟ್ಟಿದ್ದು ನೆಟ್‌ವರ್ಕ್ ನಿಧಾನ, ಡಿಸ್ಕ್ ಅಗ್ಗ ಇದ್ದ ಕಾಲಕ್ಕೆ. ಡೇಟಾ ಇದ್ದಲ್ಲಿಗೇ ಲೆಕ್ಕ ಹೋಗಲಿ ಅಂತ ಎರಡನ್ನೂ ಒಂದೇ ಡಬ್ಬಿಲಿ ಇಟ್ರು. ಈಗ ನೆಟ್‌ವರ್ಕ್ ಜೋರಿದೆ. ಆಬ್ಜೆಕ್ಟ್ ಸ್ಟೋರಲ್ಲಿ (ಕ್ಲೌಡ್‌ನವರ ಫೈಲ್ ಗೋದಾಮು) ಡೇಟಾ ಇಡಿ, ಬೇಕಾದಾಗ ಮೆಷಿನ್ ಎಬ್ಬಿಸಿ, ಮುಗಿದ ಮೇಲೆ ಮಲಗಿಸಿ.

---

ಕುಂದಾಪ್ರ_ಕಾಫ್ಕಾ

ಮಲಗಿಸುದು ಮರೆತ್ರೆ ಬಿಲ್ಲು ಬತ್ತ್ ಮಾರಾಯ್ರೆ, ಆಗ ನಾವ್ ಮಲ್ಗುಕಿಲ್ಲ.

---

ಸುಮಾ_ಪೈಪ್‌ಲೈನ್

ಕಾಳಪ್ಪ ಸರ್, ವಾದ ಸರಿ. ಆದ್ರೆ "ಹೋಗಿ" ಅನ್ನೋದು ಒಂದು ಪದ, ಮಾಡೋದು ಒಂದೂವರೆ ವರ್ಷ. ನಾವು ಮಾಡಿದ್ದೀವಿ.

ಎಚ್‌ಡಿಎಫ್‌ಎಸ್, ಅಂದ್ರೆ ಹಡೂಪ್‌ನ ಫೈಲ್ ಸಿಸ್ಟಂನಲ್ಲಿ ಫೋಲ್ಡರ್ ಹೆಸರು ಬದಲಾಯಿಸೋದು ಚಿಟಿಕೆ ಹೊಡೆದಷ್ಟು ಹೊತ್ತಿನ ಕೆಲಸ. ಹೈವ್, ಸ್ಪಾರ್ಕ್ ಎರಡೂ ಅದನ್ನೇ ನಂಬ್ಕೊಂಡು ಬೆಳೆದ್ವು: ಮೊದಲು ತಾತ್ಕಾಲಿಕ ಜಾಗದಲ್ಲಿ ಬರೀತವೆ, ಎಲ್ಲ ಮುಗಿದ ಮೇಲೆ ಹೆಸರು ಬದಲಾಯಿಸಿ ಅಸಲಿ ಜಾಗಕ್ಕೆ ತರ್ತವೆ. ಅಮೆಜಾನ್‌ನ ಎಸ್3 ಥರದ ಆಬ್ಜೆಕ್ಟ್ ಸ್ಟೋರಲ್ಲಿ ಹೆಸರು ಬದಲಾಯಿಸೋದು ಅಂದ್ರೆ ಒಂದೊಂದು ಫೈಲನ್ನೂ ನಕಲು ಮಾಡಿ ಹಳೇದನ್ನ ಅಳಿಸೋದು. ನಮ್ಮ ಒಂದು ಜಾಬ್‌ನಲ್ಲಿ ಲೆಕ್ಕ 12 ನಿಮಿಷಕ್ಕೆ ಮುಗೀತಿತ್ತು, ಆಮೇಲೆ 50 ನಿಮಿಷ ಹೆಸರು ಬದಲಾಯಿಸ್ತಾ ಕೂತಿರ್ತಿತ್ತು. ಪ್ರೋಗ್ರೆಸ್ ಬಾರ್ 100 ಪರ್ಸೆಂಟ್ ತೋರಿಸ್ತಿರುತ್ತೆ, ಜಾಬ್ ಮುಗಿಯಲ್ಲ. ಹೊಸ ಹುಡುಗ ಒಬ್ಬ ಹ್ಯಾಂಗ್ ಆಗಿದೆ ಅಂತ ಮೂರು ಸಲ ಕಿಲ್ ಮಾಡಿದ್ದ.

ಇಂಥ ತಲೆನೋವಿಂದಲೇ ಐಸ್‌ಬರ್ಗ್ ಅನ್ನೋ ಟೇಬಲ್ ಫಾರ್ಮ್ಯಾಟ್ ಹುಟ್ಟಿದ್ದು. ನೆಟ್‌ಫ್ಲಿಕ್ಸ್‌ನವರ ಟೇಬಲ್‌ಗಳು ಎಸ್3 ಮೇಲಿದ್ವು. ಫೋಲ್ಡರ್ ಒಳಗೆ ಏನಿದೆಯೋ ಅದೇ ಟೇಬಲ್ ಅನ್ನೋ ಹೈವ್ ಪದ್ಧತಿ ಬಿಟ್ಟು, ಯಾವ ಯಾವ ಫೈಲು ಈ ಟೇಬಲಿಗೆ ಸೇರಿದ್ದು ಅಂತ ಪಟ್ಟಿಯನ್ನೇ ಬರೆದಿಟ್ರು. 2018ರಲ್ಲಿ ಅಪಾಚೆಗೆ ಕೊಟ್ರು. ಊಬರ್‌ನಿಂದ ಹೂಡಿ ಬಂತು, ಡೇಟಾಬ್ರಿಕ್ಸ್ 2019ರಲ್ಲಿ ಡೆಲ್ಟಾ ಲೇಕ್ ತೆರೆದಿಟ್ಟಿತು. ಮೂವರದ್ದೂ ಹೆಚ್ಚುಕಡಿಮೆ ಒಂದೇ ಯೋಚನೆ.

---

ಗೌಡ್ರ_ಗಿಟ್

ಹೂಡಿ ಅಂದ್ರೆ ನಮ್ಮ ವೈಟ್‌ಫೀಲ್ಡ್ ಹತ್ರದ ಹೂಡಿನಾ 😂

---

ಸುಮಾ_ಪೈಪ್‌ಲೈನ್

@ಗೌಡ್ರ_ಗಿಟ್ ಆ ಹೂಡಿಯಲ್ಲಿ ಟ್ರಾಫಿಕ್ ಅಪ್‌ಡೇಟ್ ಆಗಲ್ಲ, ಈ ಹೂಡಿಯಲ್ಲಿ ರೆಕಾರ್ಡ್ ಅಪ್‌ಡೇಟ್ ಆಗುತ್ತೆ.

---

ಮೌನಿ_ಮ್ಯಾಪರ್

ಸಾಲ ಕೊಡೋ ಕಂಪನಿ ಡೇಟಾ ಕ್ಲೌಡಿಗೆ ಹಾಕೋಕೆ ಆರ್‌ಬಿಐ ಬಿಡಲ್ಲ ಅಲ್ವಾ? ಎರಡನೇ ದಾರಿ ಅಲ್ಲಿಗೇ ಮುಗೀತು.

---

ಬಸವನಗುಡಿ_ಬೈಟ್

ತಪ್ಪು. ನೀವು ಹೇಳ್ತಿರೋದು 2018ರ ಏಪ್ರಿಲ್ 6ರ ಸುತ್ತೋಲೆ ಇರಬೇಕು. ಅದು ಪೇಮೆಂಟ್ ವ್ಯವಸ್ಥೆಗಳ ಡೇಟಾ ಬಗ್ಗೆ, ಡೇಟಾ ಭಾರತದೊಳಗೆ ಇರಬೇಕು ಅನ್ನುತ್ತೆ. ನಿಮ್ಮದೇ ಕಟ್ಟಡದೊಳಗೆ ಇರಬೇಕು ಅನ್ನಲ್ಲ. ದೊಡ್ಡ ಕ್ಲೌಡ್‌ನವರಿಗೆಲ್ಲ ಇಲ್ಲೇ ಡೇಟಾ ಸೆಂಟರ್ ಇದೆ. ಹೊರಗುತ್ತಿಗೆ ನಿಯಮ, ಆಡಿಟ್ ಹಕ್ಕು ಅದೆಲ್ಲ ಬೇರೆ ವಿಷಯ, ಅದನ್ನ ಕಂಪ್ಲಯನ್ಸ್‌ನವರ ಹತ್ರ ಕೇಳಿ, ಇಲ್ಲಿ ಬೇಡ.

---

ಅಡ್ಮಿನ್_ಅಜ್ಜ

ಆಡಿಟ್ ಅಂದಾಗ ನೆನಪಾಯ್ತು. ನಾಗವಾರದವರೇ, ಆಡಿಟರ್ ಪಟ್ಟಿಯಲ್ಲಿ ಲಾಗ್‌4ಜೆ (ಜಾವಾ ಪ್ರೋಗ್ರಾಂಗಳು ಲಾಗ್ ಬರೆಯೋಕೆ ಬಳಸೋ ಲೈಬ್ರರಿ) ಇದೆಯಾ?

---

ನಾಗವಾರ_ನೋಡ್

ಮೊದಲನೇ ಸಾಲೇ ಅದು. 2021ರ ಆ ದೊಡ್ಡ ಸೆಕ್ಯುರಿಟಿ ತೂತು ಇನ್ನೂ ಮುಚ್ಚಿಲ್ಲ ಅಂತ ಬರೆದಿದ್ದಾರೆ.

---

ಅಡ್ಮಿನ್_ಅಜ್ಜ

ಹಾಗಾದ್ರೆ ಅದನ್ನ ತಿದ್ದಿಸಿ. 2021ರ ಡಿಸೆಂಬರಿನ ಲಾಗ್‌4ಶೆಲ್ ತೂತು ಲಾಗ್‌4ಜೆ 2ರದ್ದು. ಹಡೂಪ್ 2.7 ಬಳಸೋದು ಲಾಗ್‌4ಜೆ 1. ಹಡೂಪ್‌ನಲ್ಲಿ ಆ ತೂತು ಇಲ್ಲ. ಆದ್ರೆ ಖುಷಿ ಪಡಬೇಡಿ, ಲಾಗ್‌4ಜೆ 1ನ್ನ 2015ರ ಆಗಸ್ಟಲ್ಲೇ ನಿಲ್ಲಿಸಿದ್ದಾರೆ. ಅಂದ್ರೆ ನಿಮ್ಮ ಕ್ಲಸ್ಟರ್ ಹುಟ್ಟುವಾಗಲೇ ಅದಕ್ಕೆ ತಿಥಿ ಆಗಿತ್ತು. ಆಡಿಟರ್ ಕಾರಣ ತಪ್ಪು ಹೇಳಿದ್ದಾರೆ, ತೀರ್ಪು ಸರಿ.

---

ಡಚ್_ದೋಸೆ

ನೆದರ್‌ಲೆಂಡ್ಸ್‌ನಿಂದ. ಎಲ್ಲರೂ ಎಲ್ಲಿಗೆ ಹೋಗೋದು ಅಂತ ಮಾತಾಡ್ತಿದ್ದೀರಿ. ಒಳಗೇನಿದೆ ಅಂತ ಯಾರೂ ಕೇಳ್ತಿಲ್ಲ. 40 ನೋಡ್ × 12 × 4 ಅಂದ್ರೆ 1920 ಟಿಬಿ. ಮೂರು ಪ್ರತಿ ಇಡೋದ್ರಿಂದ ಅಸಲಿ ಡೇಟಾಗೆ ಜಾಗ 640 ಟಿಬಿ. ಅದರಲ್ಲಿ ದಿನಾ ಮುಟ್ಟೋದು ಎಷ್ಟು?

ನಮ್ಮಲ್ಲೂ ಒಂದು ಕ್ಲಸ್ಟರ್ ಇತ್ತು. ವರದಿಗಳೆಲ್ಲ ಬರೀ ಕೊನೆಯ 30 ದಿನದ್ದು. ಈಗ ಅದೇ ವರದಿ ಒಂದು ಮೆಷಿನ್ ಮೇಲೆ ಡಕ್‌ಡಿಬಿ ಅನ್ನೋ ಪುಟ್ಟ ಡೇಟಾಬೇಸಲ್ಲಿ ಪಾರ್ಕೆ (ಕಾಲಂ ಪ್ರಕಾರ ಡೇಟಾ ಇಡೋ ಫಾರ್ಮ್ಯಾಟ್) ಫೈಲ್ ಓದಿ ಬರುತ್ತೆ. ಡಕ್‌ಡಿಬಿ ಇಲ್ಲಿಂದಲೇ ಬಂದಿದ್ದು, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಿಂದ. ಪೈಥಾನ್ ಹುಟ್ಟಿದ ಜಾಗವೂ ಅದೇ.

---

ಕ್ಲೌಡ್_ಕಾಳಪ್ಪ

600 ಜಾಬ್, 40 ನೋಡ್ ಇರೋರಿಗೆ ಲ್ಯಾಪ್‌ಟಾಪ್ ಡೇಟಾಬೇಸ್ ಸಲಹೆ. ಚೆನ್ನಾಗಿದೆ.

---

ಡಚ್_ದೋಸೆ

ಲ್ಯಾಪ್‌ಟಾಪ್ ಅಂತ ನಾನು ಹೇಳಲಿಲ್ಲ. ಎಷ್ಟು ಮುಟ್ಟುತ್ತೀರಿ ಅಂತ ಕೇಳಿದೆ. ಅದಕ್ಕೆ ಉತ್ತರ ಗೊತ್ತಿಲ್ಲದೆ ಕ್ಲೌಡಿಗೆ ಹೋದ್ರೆ ಕಸವನ್ನೂ ಬಾಡಿಗೆ ಮನೆಗೆ ಸಾಗಿಸಿದ ಹಾಗೆ.

---

ಅಡ್ಮಿನ್_ಅಜ್ಜ

ದೋಸೆಯವರ ಮಾತಿಗೆ ನನ್ನ ಓಟು. ಎರಡನೇ ಪ್ರಶ್ನೆಗೆ ನನ್ನ ಉತ್ತರವೂ ಅದೇ. ನಾನಾಗಿದ್ರೆ ಮೂರು ದಾರಿಯನ್ನೂ ಒಂದು ವಾರ ಪಕ್ಕಕ್ಕಿಟ್ಟು ಮೊದಲು ನೇಮ್‌ನೋಡ್‌ನ (ಯಾವ ಫೈಲ್ ಎಲ್ಲಿದೆ ಅಂತ ಪಟ್ಟಿ ಇಡೋ ಮುಖ್ಯ ಸರ್ವರ್) ಎಫ್‌ಎಸ್‌ಇಮೇಜ್, ಅಂದ್ರೆ ಆ ಪಟ್ಟಿಯ ಪ್ರತಿ, ತೆಗೆದು ನೋಡ್ತಿದ್ದೆ.

ಯಾಕೆ ಅಂತ ಒಂದು ರಾತ್ರಿಯ ಕಥೆ ಹೇಳ್ತೀನಿ. 2015ನೇ ಇಸವಿ, ಗೌರಿ ಹಬ್ಬದ ಹಿಂದಿನ ದಿನ. ಊರಿಗೆ ಹೋಗೋಕೆ ಬಸ್ಸಲ್ಲಿ ಕೂತಿದ್ದೆ, ರಾಮನಗರ ದಾಟಿತ್ತು. ಫೋನ್: ಏನೂ ಓದೋಕಾಗ್ತಿಲ್ಲ. ನೇಮ್‌ನೋಡ್ ಕಸ ಗುಡಿಸೋದರಲ್ಲೇ, ಅಂದ್ರೆ ಜಾವಾದ ಗಾರ್ಬೇಜ್ ಕಲೆಕ್ಷನ್‌ನಲ್ಲೇ, ಮುಳುಗಿಹೋಗಿತ್ತು. ಒಂದೊಂದು ಸಲಕ್ಕೂ ಒಂದೂವರೆ ನಿಮಿಷ ಸ್ತಬ್ಧ. ಚನ್ನಪಟ್ಟಣದಲ್ಲಿ ಇಳಿದು, ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯ ಸ್ಟೂಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಬೇಕರಿಯವರ ಫ್ರಿಜ್ಜಿನ ಪ್ಲಗ್ ಪಕ್ಕ ಚಾರ್ಜರ್ ಸಿಗಿಸಿ ಮೂರು ಗಂಟೆ ಕೂತೆ. ಮನೆಗೆ ತಗೊಂಡು ಹೋಗ್ತಿದ್ದ ಬಾಗಿನದ ಮೊರ ಕಾಲ ಹತ್ರ ಇತ್ತು.

ಕಾರಣ ಏನು ಗೊತ್ತಾ? ಒಂದು ಟೀಮು ಐದು ನಿಮಿಷಕ್ಕೊಮ್ಮೆ ಲಾಗ್ ತಂದು ಸುರಿತಿದ್ರು, ಒಂದೊಂದು ಫೈಲು 20 ಕೆಬಿ. ನೇಮ್‌ನೋಡ್‌ನಲ್ಲಿ ಪ್ರತಿ ಫೈಲಿಗೂ, ಪ್ರತಿ ಬ್ಲಾಕಿಗೂ (ಫೈಲಿನ ತುಂಡು) ಸುಮಾರು 150 ಬೈಟ್ ಮೆಮೊರಿ ಹೋಗುತ್ತೆ. ಫೈಲ್ 20 ಕೆಬಿ ಇರಲಿ, 128 ಎಂಬಿ ಇರಲಿ, ಲೆಕ್ಕ ಒಂದೇ. 10 ಕೋಟಿ ಸಣ್ಣ ಫೈಲ್ ಅಂದ್ರೆ ಬರೀ ಹೆಸರು ನೆನಪಿಟ್ಕೊಳ್ಳೋಕೆ 30 ಜಿಬಿ. ಡಿಸ್ಕೆಲ್ಲ ಖಾಲಿ, ತಲೆ ಮಾತ್ರ ತುಂಬಿ ಸತ್ತಿತ್ತು.

ಹಾಗಾಗಿ ಆಫ್‌ಲೈನ್ ಇಮೇಜ್ ವ್ಯೂವರ್ ಹಾಕಿ ಎಫ್‌ಎಸ್‌ಇಮೇಜನ್ನ ಪಟ್ಟಿ ಮಾಡಿ. ಪ್ರತಿ ಫೈಲಿನ ದಾರಿ, ಗಾತ್ರ, ಬರೆದ ಹೊತ್ತು, ಕೊನೆಗೆ ಓದಿದ ಹೊತ್ತು ಎಲ್ಲ ಬರುತ್ತೆ. ಓಡ್ತಿರೋ ಕ್ಲಸ್ಟರನ್ನ ಮುಟ್ಟೋದೇ ಬೇಡ, ಇಮೇಜ್ ಫೈಲನ್ನ ಬೇರೆ ಮೆಷಿನ್ನಿಗೆ ನಕಲು ಮಾಡ್ಕೊಂಡು ಮಾಡಿ.

---

ಫ್ರೆಶರ್_2024

ಸೆಕೆಂಡರಿ ನೇಮ್‌ನೋಡ್ ಇರುತ್ತಲ್ಲ ಸರ್, ಅದು ಎದ್ದು ನಿಲ್ಲಲಿಲ್ವಾ?

---

ಹುಬ್ಬಳ್ಳಿ_ಹೈವ್

ಬಂತ್ ನೋಡ್ರಿ, ಇಂಟರ್‌ವ್ಯೂ ಪ್ರಶ್ನೆ! ತಮ್ಮಾ, ಹೆಸರಿಗೆ ಸೆಕೆಂಡರಿ. ಅದು ಎಡಿಟ್ ಲಾಗ್ (ಬದಲಾವಣಿ ಪಟ್ಟಿ) ಕೂಡಿಸಿ ಇಮೇಜ್ ಮಾಡಿಕೊಡೋ ಗುಮಾಸ್ತ. ಯಜಮಾನ ಬಿದ್ರ ಗುಮಾಸ್ತ ಕುರ್ಚಿ ಮ್ಯಾಲ ಕುಂಡ್ರಂಗಿಲ್ಲ. ಖರೇ ಸ್ಟ್ಯಾಂಡ್‌ಬೈ ಬಂದಿದ್ದು ಹಡೂಪ್ 2ಕ್ಕ. ಮಾರತಹಳ್ಳಿ ಕಡೆ ಗೋಡಿ ಗೋಡಿಗೆ ಹಡೂಪ್ ಕ್ಲಾಸಿನ ಬೋರ್ಡ್ ಇದ್ದಾಗ ಈ ಒಂದು ಪ್ರಶ್ನೆ ಮ್ಯಾಲ ಎಷ್ಟು ಮಂದಿ ನೌಕರಿ ಕಳ್ಕೊಂಡ್ರೋ!

---

ಗೌಡ್ರ_ಗಿಟ್

ಸ್ಟ್ಯಾಂಡ್‌ಬೈ ಇದ್ರೂ ಸಣ್ಣ ಫೈಲಿನ ಕೇಸಲ್ಲಿ ಉಪಯೋಗ ಇಲ್ಲ. ಅದರ ತಲೇಲೂ ಅದೇ ಪಟ್ಟಿ ತುಂಬಿರುತ್ತೆ.

---

ಸುಮಾ_ಪೈಪ್‌ಲೈನ್

ಅಜ್ಜ, ಒಂದು ತಿದ್ದುಪಡಿ. "ಕೊನೆಗೆ ಓದಿದ ಹೊತ್ತು" ನಂಬೋ ಮುಂಚೆ ಆಕ್ಸೆಸ್ ಟೈಮ್ ಪ್ರಿಸಿಷನ್ ಸೆಟ್ಟಿಂಗ್ ನೋಡಿ. ಅಪಾಚೆಯ ಡೀಫಾಲ್ಟ್ 1 ಗಂಟೆ, ಆದ್ರೆ ನೇಮ್‌ನೋಡ್ ಮೇಲೆ ಭಾರ ಬೀಳುತ್ತೆ ಅಂತ ಎಷ್ಟೋ ಕಡೆ ಅದನ್ನ 0 ಮಾಡಿ ಆರಿಸಿರ್ತಾರೆ. ಆಗ ಅಲ್ಲಿ ಕಾಣೋದು ಫೈಲ್ ಹುಟ್ಟಿದ ಹೊತ್ತಷ್ಟೇ. ಇನ್ನೊಂದು, ಆರಿಸಿಲ್ಲದಿದ್ರೂ ಬ್ಯಾಕಪ್‌ಗೆ ಡಿಸ್ಟ್‌ಸಿಪಿ (ನಕಲು ಮಾಡೋ ಟೂಲ್) ಓಡಿಸ್ತಿದ್ರೆ ಅದೂ "ಓದಿದ" ಲೆಕ್ಕಕ್ಕೇ ಬರುತ್ತೆ. ಎಚ್‌ಡಿಎಫ್‌ಎಸ್‌ನ ಆಡಿಟ್ ಲಾಗ್ (ಯಾವ ಫೈಲ್ ಯಾವಾಗ ಓದಿದ್ರು ಅನ್ನೋ ದಾಖಲೆ) ಇದ್ರೆ ಅದನ್ನ ನೋಡಿ, ಅದರಲ್ಲಿ ಯಾವ ಯೂಸರ್ ಅಂತಲೂ ಇರುತ್ತೆ.

---

ಅಡ್ಮಿನ್_ಅಜ್ಜ

ಸುಮಾ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಈ ಗುಂಡಿಗೆ ನಾನೇ ಒಮ್ಮೆ ಬಿದ್ದಿದ್ದೆ, ಆದ್ರೂ ಹೇಳೋದು ಮರೆತೆ.

---

ಮೌನಿ_ಮ್ಯಾಪರ್

ಸ್ವಲ್ಪ ಆಫ್ ಟಾಪಿಕ್. ಹಡೂಪ್ ಮಾಡಿದ್ದು ನಮ್ಮ ಬೆಂಗಳೂರಿನವರೇ ಅಂತ ಎಲ್ಲೋ ಓದಿದ್ದೆ?

---

ಬಸವನಗುಡಿ_ಬೈಟ್

ಅಷ್ಟು ಉದ್ದಕ್ಕೆ ಎಳೀಬೇಡಿ. ಶುರು ಮಾಡಿದವರು ಯಾರು ಅಂತ ಅಜ್ಜ ಮೇಲೆ ಬರೆದಿದ್ದಾರೆ. ಯಾಹೂನ ಬೆಂಗಳೂರು ಆಫೀಸಿನ ಎಂಜಿನಿಯರ್‌ಗಳು ಹಡೂಪ್‌ಗೆ ಒಳ್ಳೆ ಕೆಲಸ ಮಾಡಿದ್ದಾರೆ, ಅದು ನಿಜ. ಬೆಂಗಳೂರಿನ ಇನ್‌ಮೊಬಿಯಿಂದ ಫಾಲ್ಕನ್, ಲೆನ್ಸ್ ಅಂತ ಎರಡು ಪ್ರಾಜೆಕ್ಟ್ ಅಪಾಚೆಗೆ ಹೋಗಿ ಟಾಪ್ ಲೆವೆಲ್ ಕೂಡ ಆದ್ವು. ಆಧಾರ್‌ನವರೇ ತಮ್ಮ ವಿನ್ಯಾಸದ ಬಗ್ಗೆ ಕೊಟ್ಟ ಭಾಷಣಗಳಲ್ಲಿ ಹಡೂಪ್, ಎಚ್‌ಬೇಸ್, ಮೈಎಸ್‌ಕ್ಯುಎಲ್ ಎಲ್ಲ ಬರುತ್ತೆ. ಹೆಮ್ಮೆಪಡೋಕೆ ಇಷ್ಟು ಸಾಕು.

---

ಗೌಡ್ರ_ಗಿಟ್

ಫಾಲ್ಕನ್ ಈಗ ಅಟ್ಟದ ಮೇಲಿದೆ. ಅಪಾಚೆಯವರು ಸತ್ತ ಪ್ರಾಜೆಕ್ಟ್ ಇಡೋ ಜಾಗಕ್ಕೆ ಅಟ್ಟ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮಜ್ಜಿ ಮನೆ ಅಟ್ಟದ ಹಾಗೇ, ಏನೂ ಬಿಸಾಡಲ್ಲ. ಸ್ಕೂಪ್ 2021ರಲ್ಲಿ ಹೋಯ್ತು. ಸೆಂಟ್ರಿನೂ ಅಲ್ಲೇ.

---

ಹುಬ್ಬಳ್ಳಿ_ಹೈವ್

ಕ್ಲಸ್ಟರ್ ನೋಡ್ಕೊಳ್ಳೋ ಅಂಬಾರಿ ಸೈತ 2022ರಾಗ ಅಟ್ಟ ಹತ್ತಿತ್ತು. ಅದ ವರ್ಷ ಮಂದಿ ಕೂಡಿ ಇಳಿಸಿಕೊಂಡು ಬಂದ್ರು. ಆನಿ ಮ್ಯಾಲೆ ಇರೋದಕ್ಕ ಅಂಬಾರಿ ಅಂತ ಹೆಸರಿಟ್ಟಾರಲ್ಲ, ಅವ್ರಿಗೆ ಮೈಸೂರು ದಸರಾ ಪಾಸ್ ಕೊಡಬೇಕ್ರಿ.

---

ಸುಮಾ_ಪೈಪ್‌ಲೈನ್

ನಗು ಬಂದ್ರೂ ವಿಷಯ ಗಂಭೀರ. ನಾಗವಾರದವರು ಮೂರನೇ ದಾರಿ, ಅಂದ್ರೆ ಸ್ವಂತ ಕಟ್ಟೋದು, ಹಿಡಿದ್ರೆ ಇದನ್ನೇ ಮೊದಲು ನೋಡಬೇಕು: ನೀವು ನಂಬ್ಕೊಂಡಿರೋ ಎಷ್ಟು ಪ್ರಾಜೆಕ್ಟ್ ಅಟ್ಟದಲ್ಲಿದೆ? ಸ್ಕೂಪ್ ಜಾಬ್ ಎಷ್ಟಿವೆ? ಸ್ಪಾರ್ಕ್‌ನ ಜೆಡಿಬಿಸಿಯಿಂದ (ಡೇಟಾಬೇಸ್ ಸಂಪರ್ಕ) ಅದೇ ಕೆಲಸ ಆಗುತ್ತೆ, ಬರೆಯೋಕೆ ಕೂರಬೇಕು ಅಷ್ಟೆ. ಪ್ಯಾಕೇಜ್ ಕಟ್ಟೋಕೆ ಅಪಾಚೆ ಬಿಗ್‌ಟಾಪ್ ಇದೆ. ಹಳೇ ಡಿಸ್ಟ್ರಿಬ್ಯೂಷನ್‌ನವರು ಮಾಡ್ತಿದ್ದ ಗಂಟು ಕಟ್ಟೋ ಕೆಲಸವನ್ನ ಅಲ್ಲಿ ಸಮುದಾಯದವರೇ ಮಾಡ್ತಾರೆ.

ಮತ್ತೆ ಕರ್ಬೆರೋಸ್, ಅಂದ್ರೆ ಒಳಗೆ ಬರೋರ ಗುರುತು ಪರೀಕ್ಷಿಸೋ ವ್ಯವಸ್ಥೆ. ಅದನ್ನ ಅರ್ಥ ಮಾಡ್ಕೊಂಡವರು ಟೀಮಲ್ಲಿ ಕನಿಷ್ಠ ಇಬ್ಬರು ಇಲ್ಲದಿದ್ರೆ ಮೂರನೇ ದಾರಿ ಬೇಡವೇ ಬೇಡ. ನಮ್ಮಲ್ಲಿ ಒಂದು ಸಲ ಸಮಯ ತೋರಿಸೋ ಎನ್‌ಟಿಪಿ ಸರ್ವರ್ ಕೆಟ್ಟು ಎಂಟು ನೋಡ್‌ಗಳ ಗಡಿಯಾರ ಆರು ನಿಮಿಷ ಹಿಂದೆ ಹೋಗಿತ್ತು. ಕರ್ಬೆರೋಸ್ ಸಹಿಸೋದು ಐದೇ ನಿಮಿಷ. ಡಿಸ್ಕ್ ಸರಿ, ನೆಟ್‌ವರ್ಕ್ ಸರಿ, ಪಾಸ್‌ವರ್ಡ್ ಸರಿ, ಒಂದು ಜಾಬೂ ಓಡ್ತಿಲ್ಲ. ಇಡೀ ದಿನ ಕೀಟ್ಯಾಬ್ (ಅದರ ಕೀಲಿ ಫೈಲ್) ಬದಲಾಯಿಸಿದ್ವಿ. ಸಂಜೆ ಒಬ್ಬರು ಸುಮ್ನೆ ಡೇಟ್ ಅಂತ ಟೈಪ್ ಮಾಡಿ ತಮ್ಮ ಕೈಗಡಿಯಾರ ನೋಡ್ಕೊಂಡ್ರು…

---

ಕುಂದಾಪ್ರ_ಕಾಫ್ಕಾ

ಕೊನೆಗೂ ಕೈಗಡಿಯಾರಕ್ಕೆ ಒಂದು ಉಪಯೋಗ ಸಿಕ್ತ್ ಕಾಣಿ.

ಅಟ್ಟ ಹತ್ತುದ್ ಮಾತ್ರ ಅಲ್ಲ ಮಾರಾಯ್ರೆ, ಲೈಸೆನ್ಸ್ ಬದಲಾಯಿಸುವವರೂ ಇದ್ರ್. ಕಾಫ್ಕಾ (ಡೇಟಾ ಸಾಗಿಸುವ ಸಾಫ್ಟ್‌ವೇರ್) ಮಾಡಿದವರ ಕಂಪನಿ ಕಾನ್‌ಫ್ಲುಯೆಂಟ್ 2018ರಲ್ಲಿ ಕೆಲವು ಭಾಗಕ್ಕೆ ಬೇರೆ ಲೈಸೆನ್ಸ್ ಹಾಕಿತ್, ಇಲಾಸ್ಟಿಕ್‌ಸರ್ಚ್ 2021ರಲ್ಲಿ ಬದಲಾಯಿಸಿತ್, ಓಪನ್‌ಸರ್ಚ್ ಅಂತ ಬೇರೆಯೇ ಆಯ್ತ್. ಮಿನಿಯೋ (ಸ್ವಂತ ಆಬ್ಜೆಕ್ಟ್ ಸ್ಟೋರ್ ಕಟ್ಟುವ ಸಾಫ್ಟ್‌ವೇರ್) 2021ರಲ್ಲಿ ಎಜಿಪಿಎಲ್ ಅನ್ನುವ ಬಿಗಿ ಲೈಸೆನ್ಸಿಗೆ ಹೋಯ್ತ್, 2025ರಲ್ಲಿ ಪುಕ್ಕಟೆ ವರ್ಷನ್ನಿನ ವೆಬ್ ಕನ್ಸೋಲಿನಿಂದ ಅಡ್ಮಿನ್ ಕೆಲಸ ಎಲ್ಲ ತೆಗೆದ್ರ್. ಕಾಫ್ಕಾ ಕೋಡ್ ಮಾತ್ರ ಅಪಾಚೆ ಫೌಂಡೇಶನ್ ಕೈಯಲ್ಲೇ ಇತ್ತ್, ಹಾಗಾಗಿ ಅದನ್ನ ಯಾರೂ ಕಿತ್ಕಂಡ್ ಹೋಪುಕಾಯ್ಲಿಲ್ಲ. ಒಂದೇ ಕಂಪನಿ ಕೈಯಲ್ಲಿರುವ ಓಪನ್ ಸೋರ್ಸು, ಫೌಂಡೇಶನ್ ಕೈಯಲ್ಲಿರುವ ಓಪನ್ ಸೋರ್ಸು, ಎರಡೂ ಬೇರೆ ಬೇರೆ ಜಾತಿ.

---

ಕ್ಲೌಡ್_ಕಾಳಪ್ಪ

ಫೌಂಡೇಶನ್ ಕೈಯಲ್ಲಿದ್ರೂ ನಡೆಸೋರು ಕಂಪನಿಯವರೇ. ಐಸ್‌ಬರ್ಗ್ ಶುರು ಮಾಡಿದವರ ಕಂಪನಿ ಟ್ಯಾಬ್ಯುಲರನ್ನ 2024ರ ಜೂನಲ್ಲಿ ಡೆಲ್ಟಾದ ಒಡೆಯರಾದ ಡೇಟಾಬ್ರಿಕ್ಸೇ ಕೊಂಡ್ರು. ಈಗ ಹೇಳಿ?

---

ಕುಂದಾಪ್ರ_ಕಾಫ್ಕಾ

ಜನರನ್ನ ಕೊಂಡ್ರ್, ಲೈಸೆನ್ಸ್ ಕೊಂಬುಕಾಯ್ಲಿಲ್ಲ. ಅದೇ ನಾನ್ ಹೇಳುದ್.

---

ಕ್ಲೌಡ್_ಕಾಳಪ್ಪ

ಸರಿ, ಇದನ್ನ ಒಪ್ಪಿದೆ. ಉಳಿದಿದ್ದು ಒಪ್ಪಲ್ಲ.

---

ಸುಮಾ_ಪೈಪ್‌ಲೈನ್

ಸಾಲದ ಕಂಪನಿ ಅಂದಿದ್ದರಿಂದ ಇನ್ನೊಂದು ಮಾತು. 2023ರ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಗ್ರಾಹಕರು ತಮ್ಮ ಡೇಟಾ ಅಳಿಸಿ ಅಂತ ಕೇಳೋ ಹಕ್ಕಿದೆ (ಬೇರೆ ಕಾನೂನಿಗಾಗಿ ಇಟ್ಕೊಳ್ಳಬೇಕಾದ್ದು ಬಿಟ್ಟು). ಹಳೇ ಹೈವ್ ಟೇಬಲಲ್ಲಿ ಒಬ್ಬರ ಸಾಲು ಅಳಿಸಬೇಕಂದ್ರೆ ಇಡೀ ಪಾರ್ಟಿಷನ್ (ಟೇಬಲಿನ ಭಾಗ) ಮತ್ತೆ ಬರೀಬೇಕು. ಐಸ್‌ಬರ್ಗ್‌ನಲ್ಲಿ ಡಿಲೀಟ್ ಅಂದ್ರೆ ಆಯ್ತು. ಆದ್ರೆ ಎಚ್ಚರ, ಹಳೇ ಸ್ನ್ಯಾಪ್‌ಶಾಟ್‌ಗಳನ್ನ (ಟೇಬಲಿನ ಹಿಂದಿನ ಸ್ಥಿತಿಗಳು) ಅವಧಿ ಮುಗಿಸಿ ತೆಗೆಯೋ ತನಕ ಫೈಲು ಡಿಸ್ಕಲ್ಲೇ ಇರುತ್ತೆ. ಅಳಿಸಿದ್ವಿ ಅಂತ ಸರ್ಟಿಫಿಕೇಟ್ ಬರೆದುಕೊಟ್ಟು ಆಮೇಲೆ ಟೈಮ್ ಟ್ರಾವೆಲ್ ಕ್ವೆರಿಯಲ್ಲಿ ಅದೇ ಹೆಸರು ಕಂಡ್ರೆ ಮರ್ಯಾದೆ ಹೋಗುತ್ತೆ.

ನಿಮ್ಮ ಟೇಬಲ್‌ಗಳು ಪಾರ್ಕೆ ಅಥವಾ ಅದೇ ಥರದ ಓಆರ್‌ಸಿಯಲ್ಲಿದ್ರೆ ಒಳ್ಳೆ ಸುದ್ದಿ. ಡೇಟಾ ಮತ್ತೆ ಬರೆಯದೇ, ಇದ್ದ ಫೈಲಿನ ಮೇಲೇ ಐಸ್‌ಬರ್ಗ್ ಪಟ್ಟಿ ಕಟ್ಟಬಹುದು. ಟ್ರಾನ್ಸಾಕ್ಷನಲ್ (ಒಂದೊಂದು ಸಾಲನ್ನೂ ಬದಲಾಯಿಸಬಹುದಾದ್ದು) ಅಂತ ಮಾಡಿರೋ ಹೈವ್ ಟೇಬಲ್ ಎಷ್ಟಿವೆ ಎಣಿಸಿ, ತೊಂದರೆ ಕೊಡೋದು ಅವೇ. ಸ್ಪಾರ್ಕ್ ಅವನ್ನ ನೇರವಾಗಿ ಓದಲ್ಲ.

---

ನಾಗವಾರ_ನೋಡ್

ನಾಲ್ಕು ದಿನ ಆದ್ಮೇಲೆ ಬರ್ತಿದ್ದೀನಿ, ಬೈಕೋಬೇಡಿ. ಹೇಳಿದ್ದೆಲ್ಲ ಮಾಡ್ದೆ.

ಎಫ್‌ಎಸ್‌ಇಮೇಜ್ ತೆಗೆದೆ. 9 ಕೋಟಿ 20 ಲಕ್ಷ ಫೈಲ್. ಹತ್ತರಲ್ಲಿ ಏಳು 1 ಎಂಬಿಗಿಂತ ಚಿಕ್ಕವು. ಅಜ್ಜ, ನಾವು ಚನ್ನಪಟ್ಟಣದ ಹತ್ರ ಹತ್ರ ಬಂದಿದ್ದೀವಿ.

ಆಕ್ಸೆಸ್ ಟೈಮ್: ಸುಮಾ ಮೇಡಂ, 0 ಇತ್ತು. ಅಂದ್ರೆ ಆ ಕಾಲಂ ಪೂರ್ತಿ ಸುಳ್ಳು. ನಾನು ಅದಾಗಲೇ "450 ಟಿಬಿ ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ" ಅಂತ ಮ್ಯಾನೇಜರ್‌ಗೆ ಮೇಲ್ ಬರೆದು ಡ್ರಾಫ್ಟಲ್ಲಿ ಇಟ್ಟಿದ್ದೆ. ನೀವು ಉಳಿಸಿದ್ರಿ. ಆಡಿಟ್ ಲಾಗ್ ಬರೀ 90 ದಿನದ್ದಿದೆ. ಅದರ ಪ್ರಕಾರ 90 ದಿನದಲ್ಲಿ ಓದಿದ್ದು ಸುಮಾರು 70 ಟಿಬಿ. ತಿಂಗಳ ಕೊನೆ, ಕ್ವಾರ್ಟರ್ ಕೊನೆ ಎರಡೂ ಆ 90 ದಿನದಲ್ಲಿ ಬಂದಿದೆ, ವರ್ಷದ ಕೊನೆ ಬಂದಿಲ್ಲ. ಆದ್ರಿಂದ ಇನ್ನೂ ಏನೂ ಖಾತ್ರಿ ಹೇಳಲ್ಲ.

ತಮಾಷೆ ಕೇಳಿ: ಅರ್ಧಕ್ಕೇ ಸತ್ತ ಹೈವ್ ಜಾಬ್‌ಗಳು ಬಿಟ್ಟುಹೋದ ಸ್ಟೇಜಿಂಗ್ (ತಾತ್ಕಾಲಿಕ) ಫೋಲ್ಡರ್‌ಗಳೇ 38 ಟಿಬಿ. ಮೂರು ಪ್ರತಿ ಅಂದ್ರೆ 114 ಟಿಬಿ ಡಿಸ್ಕ್. ಕಳೆದ ವರ್ಷ ಜಾಗ ಸಾಲಲ್ಲ ಅಂತ ಎರಡು ನೋಡ್ ಕೊಂಡಿದ್ವಿ. ಎರಡೂ ಸೇರಿ 96 ಟಿಬಿ.

ಟ್ರಾನ್ಸಾಕ್ಷನಲ್ ಟೇಬಲ್ 11. ಸ್ಕೂಪ್ ಜಾಬ್ 214 😭

---

ಡಚ್_ದೋಸೆ

ಕಸಕ್ಕೆ ಎರಡು ಸರ್ವರ್ ಕೊಂಡಿದ್ದೀರಿ. ಇನ್ನು ನಾನೇನೂ ಹೇಳಲ್ಲ.

---

ಬಸವನಗುಡಿ_ಬೈಟ್

ಹಡೂಪ್ 3ಕ್ಕೆ ಹೋದ್ರೆ ಇರೇಷರ್ ಕೋಡಿಂಗ್ ಸಿಗುತ್ತೆ, 2017ರ ಡಿಸೆಂಬರಿಂದ ಇದೆ. ಪೂರ್ತಿ ಪ್ರತಿಗಳ ಬದಲು ಆರು ತುಂಡಿಗೆ ಮೂರು ರಕ್ಷೆ ತುಂಡು. ಮೂರು ಪ್ರತಿಯಲ್ಲಿ 200 ಪರ್ಸೆಂಟ್ ಹೆಚ್ಚುವರಿ ಜಾಗ ಹೋಗುತ್ತೆ, ಇದರಲ್ಲಿ 50. ನಿಮ್ಮ 1920 ಟಿಬಿಯಲ್ಲಿ 640ರ ಬದಲು 1280 ಹಿಡಿಯುತ್ತೆ. ಹಳೇ, ದೊಡ್ಡ ಫೈಲಿಗೆ ಮಾತ್ರ ಹಾಕಿ. ಸಣ್ಣ ಫೈಲಿಗೆ ಹಾಕಿದ್ರೆ ಲಾಭ ಇಲ್ಲ. ಡಿಸ್ಕ್ ಹೋದಾಗ ಮತ್ತೆ ಕಟ್ಟೋಕೆ ನೆಟ್‌ವರ್ಕ್ ಜಾಸ್ತಿ ತಿನ್ನುತ್ತೆ, ಅದೂ ನೆನಪಿರಲಿ.

---

ಅಡ್ಮಿನ್_ಅಜ್ಜ

ನಾಗವಾರದವರೇ, ಈಗ ನಿಮ್ಮ ಕೈಯಲ್ಲಿ ಒಂದು ಲೆಕ್ಕ ಇದೆ, ಮೂರು ದಾರಿಯಲ್ಲಿ ಯಾವುದಕ್ಕೆ ಹೋದ್ರೂ ಇದೇ ಲೆಕ್ಕ ಕೇಳ್ತಾರೆ. ಸಬ್‌ಸ್ಕ್ರಿಪ್ಷನ್‌ನವರ ಮುಂದೆ 40 ನೋಡ್ ಅಂತ ಕೂತು ಚೌಕಾಸಿ ಮಾಡೋದಕ್ಕೂ ಕಸ ತೆಗೆದು, ಉದಾಹರಣೆಗೆ, 12 ನೋಡ್ ಅಂತ ಕೂರೋದಕ್ಕೂ ಬಹಳ ಅಂತರ. ಸ್ಟೇಜಿಂಗ್ ಮೊದಲು ಅಳಿಸಿ, ವಾರಕ್ಕಿಂತ ಹಳೇದು ಮಾತ್ರ, ಓಡ್ತಿರೋ ಜಾಬಿನದ್ದು ಮುಟ್ಟಬೇಡಿ. ಆಮೇಲೆ ಸಣ್ಣ ಫೈಲ್ ಕೂಡಿಸಿ ಪಾರ್ಕೆ ಮಾಡಿ. ಆ 214 ಸ್ಕೂಪ್‌ನ ಈಗಿಂದಲೇ ದಿನಕ್ಕೆರಡು ಅಂತ ಸ್ಪಾರ್ಕಿಗೆ ಬರೀತಾ ಹೋಗಿ. ಇದ್ಯಾವುದಕ್ಕೂ ಮಾರ್ಚ್ ತನಕ ಕಾಯಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ.

---

ಕ್ಲೌಡ್_ಕಾಳಪ್ಪ

12 ನೋಡ್ ಆದ್ರೆ ಕ್ಲೌಡ್ ಇನ್ನೂ ಅಗ್ಗ, ಹೇಳಿಟ್ಟಿರ್ತೀನಿ.

---

ಹುಬ್ಬಳ್ಳಿ_ಹೈವ್

ಕಾಳಪ್ಪನವ್ರು ಮದ್ವಿ ಮನಿಗೆ ಹೋದ್ರೂ ಕ್ಲೌಡ್, ತಿಥಿ ಮನಿಗೆ ಹೋದ್ರೂ ಕ್ಲೌಡ್.

---

ನಾಗವಾರ_ನೋಡ್

ಅಪ್‌ಡೇಟ್: ಇವತ್ತು ಬೆಳಿಗ್ಗೆ ಸ್ಟೇಜಿಂಗ್ ಫೋಲ್ಡರ್‌ಗಳನ್ನ ಅಳಿಸಿದೆ. ಡ್ಯಾಶ್‌ಬೋರ್ಡ್ ನೋಡ್ತಾ ಕೂತೆ, ಒಂದು ಜಿಬಿನೂ ಕಮ್ಮಿ ಆಗ್ಲಿಲ್ಲ. ಎದೆ ಧಸಕ್ ಅಂತು. ಆಮೇಲೆ ನೋಡಿದ್ರೆ ಎಲ್ಲ ಟ್ರ್ಯಾಶಿಗೆ ಹೋಗಿದೆ. ಟ್ರ್ಯಾಶ್ ಇಂಟರ್ವಲ್ ಅಂತ ಯಾರೋ ಪುಣ್ಯಾತ್ಮರು 10080 ನಿಮಿಷ ಹಾಕಿದ್ದಾರೆ. ಏಳು ದಿನ.

---

ಫ್ರೆಶರ್_2024

ಸ್ಕಿಪ್‌ಟ್ರ್ಯಾಶ್ ಅಂತ ಒಂದು ಆಪ್ಷನ್ ಇದೆಯಲ್ಲ ಸರ್, ಅದನ್ನ ಹಾಕಿದ್ರೆ ತಕ್ಷಣ ಹೋಗುತ್ತೆ.

---

ಅಡ್ಮಿನ್_ಅಜ್ಜ

ಬೇಡ.

---

ಸುಮಾ_ಪೈಪ್‌ಲೈನ್

ಬೇಡ!!

---

ಹುಬ್ಬಳ್ಳಿ_ಹೈವ್

ತಮ್ಮಾ, ಆ ಆಪ್ಷನ್ ಹೆಸರು ತಗೊಂಡಿದ್ದಕ್ಕ ಹೋಗಿ ಮೊದಲು ಕೈ ತೊಳ್ಕೊಂಡ್ ಬಾ.

---

ನಾಗವಾರ_ನೋಡ್

ಹಾಕಲ್ಲ ಹಾಕಲ್ಲ. ಏಳು ದಿನ ಕಾಯ್ತೀನಿ. ಅಷ್ಟರಲ್ಲಿ ಸ್ಕೂಪ್ ಒಂದನೇ ಜಾಬ್ ಬರೀತಿದ್ದೀನಿ. ಇನ್ನು 213.